ನಾರಾಯಣ ಡೋಣಿಯ ಕೈಗೆ ಕೋವಿ ಕೊಟ್ಟವರು ಯಾರು?

ನಮ್ಮೂರಿನ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ, ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರಿಗೆ, ಹಾಗೂ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳನ್ನು ವೇದಿಕೆಗೆ ಸಿದ್ಧಪಡಿಸುವ ಎಲ್ಲ ಅಧ್ಯಾಪಕ ಬಂಧುಗಳಿಗೆ

ಮಾನ್ಯರೇ,

ಕಳೆದ ವಾರ ನಮ್ಮ ಶಾಲೆಯ ವಾರ್ಷಿಕೋತ್ಸವದ ರಾತ್ರಿ ಯು.ಪಿ. ಮತ್ತು ಹೈಸ್ಕೂಲು ವಿಭಾಗದ ಮಕ್ಕಳು ಸೇರಿ ಆಡಿದ ದೃಶ್ಯರೂಪಕವನ್ನು ನಾನು ಮೂರನೆಯ ಸಾಲಿನಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿದೆ. ದೇಶವಿದೇಶಗಳ ಕ್ರಾಂತಿಗಳಲ್ಲಿ ಮಡಿದ ಬಾಲಕ ಬಾಲಕಿಯರ ಕುರಿತ ಆ ಮುಕ್ಕಾಲು ಗಂಟೆಯ ಕಾರ್ಯಕ್ರಮಕ್ಕಾಗಿ ಮಕ್ಕಳೂ ಅಧ್ಯಾಪಕರೂ ಎರಡು ತಿಂಗಳು ದುಡಿದದ್ದು ನನಗೆ ಗೊತ್ತಿದೆ. ಇದೇ ಶಾಲೆಯಲ್ಲಿ 28 ವರ್ಷ ಸಮಾಜವಿಜ್ಞಾನ ಕಲಿಸಿ ನಿವೃತ್ತನಾದ ನಾನು ಆ ದುಡಿಮೆಯನ್ನು ಹಗುರವಾಗಿ ಕಾಣಲಾರೆ. ಈ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯಲ್ಲಿ ಕೊಟ್ಟು ಬರಬಹುದಿತ್ತು. ಆದರೆ ಇಂಥ ರೂಪಕಗಳನ್ನು ನಾನು ಮಂಜೇಶ್ವರದ ಕಡೆಯಲ್ಲೂ ಹೊಸದುರ್ಗದ ಕಡೆಯಲ್ಲೂ ನೋಡಿದ್ದೇನೆ. ತಪ್ಪು ಒಂದೇ ಶಾಲೆಯದಲ್ಲದ ಕಾರಣ, ಶಾಲೆಯ ಹೆಸರನ್ನೂ ಯಾರ ಹೆಸರನ್ನೂ ಎತ್ತದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲಿಗೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಒಟ್ಟು ಐದು ದೃಶ್ಯಗಳಿದ್ದವು. ಫ್ರಾನ್ಸಿನ ಮಹಾಕ್ರಾಂತಿಯ ಬಾಲಕ ಬಾರಾ, ಬಂಗಾಳದ ಚಿತ್ತಗಾಂಗಿನ ಗುಡ್ಡದ ಮೇಲಿನ ಹುಡುಗರು, ಸ್ವಾತಂತ್ರ್ಯ ಚಳವಳಿಯಲ್ಲಿ ಮಡಿದ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿ, ನಮ್ಮದೇ ಜಿಲ್ಲೆಯ ಕಯ್ಯೂರಿನ ರೈತ ಹೋರಾಟ, ಕೊನೆಗೆ ಎಲ್ಲ ಮಕ್ಕಳೂ ಒಟ್ಟಾಗಿ ಕೋವಿ ಹಿಡಿದು ಮೊಣಕಾಲೂರಿದ ಒಂದು ಸ್ತಬ್ಧಚಿತ್ರ. ಡೋಣಿಯ ವೇಷದಲ್ಲಿದ್ದವನು ಐದನೆಯ ತರಗತಿಯ ಹುಡುಗ. ಅವನು ಎದೆ ಹಿಡಿದುಕೊಂಡು, ಎರಡು ಹೆಜ್ಜೆ ತೂರಾಡಿ, ಕೋವಿಯನ್ನು ಕೈಬಿಡದೆ ಅಂಗಾತ ಬಿದ್ದಾಗ ಸಭೆಯ ಹಿಂಬದಿಯಿಂದ ಯಾರೋ ‘ಒನ್ಸ್ ಮೋರ್’ ಎಂದು ಕೂಗಿದರು. ಚಪ್ಪಾಳೆ ನಿಲ್ಲಲಿಲ್ಲ. ಸತ್ತಿದ್ದ ಹುಡುಗ ಎದ್ದು, ಅಂಗಿಯ ಧೂಳು ಕೊಡವಿ, ರಂಗದ ಅಂಚಿನಲ್ಲಿದ್ದ ಅಧ್ಯಾಪಕರ ಮುಖವನ್ನೊಮ್ಮೆ ನೋಡಿ, ಅವರು ತಲೆಯಾಡಿಸಿದ ಮೇಲೆ ಮತ್ತೊಮ್ಮೆ ಸತ್ತ. ಕೊನೆಯ ದೃಶ್ಯದಲ್ಲಿ ಕೋವಿ ಹಿಡಿದು ಕುಳಿತ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ತೋರಿಸಿ ಧ್ವನಿವರ್ಧಕದಲ್ಲಿ ‘ಇವರೇ ನಾಳೆಯ ಹುತಾತ್ಮರು’ ಎಂದು ಘೋಷಿಸಲಾಯಿತು. ಹಿಂದಿನಿಂದ ಪಟಾಕಿ ಸಿಡಿಸಲಾಯಿತು. ನನ್ನ ಎದುರಿನ ಸಾಲಿನಲ್ಲಿ ಆ ಮಕ್ಕಳ ತಾಯಂದಿರು ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದರು. ನಾಳೆಯ ಹುತಾತ್ಮರೆಂದರೆ ನಾಳೆ ಸಾಯುವವರು ಎಂದರ್ಥ. ಈ ಅರ್ಥ ಅಲ್ಲಿದ್ದ ಯಾರಿಗೂ ಕೇಳಿಸಲಿಲ್ಲವೆಂದು ನಾನು ನಂಬುತ್ತೇನೆ. ಕೇಳಿಸಿದ್ದರೆ ಯಾವ ತಾಯಿಯೂ ಅಲ್ಲಿ ಕುಳಿತಿರುತ್ತಿರಲಿಲ್ಲ.

ಇನ್ನು ಡೋಣಿಯ ವಿಷಯ. 1942ರ ಆಗಸ್ಟ್ ತಿಂಗಳಲ್ಲಿ, ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾದ ಮೊದಲ ವಾರದಲ್ಲೇ, ಹುಬ್ಬಳ್ಳಿಯ ಬೀದಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಶಾಲಾ ಬಾಲಕ ನಾರಾಯಣ ಮಹಾದೇವ ಡೋಣಿ. ಇನ್ನೂ ಮೀಸೆ ಮೂಡದ ಹುಡುಗ. ಅವನು ಹೋದದ್ದು ಮೆರವಣಿಗೆಗೆ, ಅವನ ಕೈಯಲ್ಲಿ ಆಯುಧವಿರಲಿಲ್ಲ. ಆಯುಧವಿಲ್ಲದ ಮಗುವಿನ ಮೇಲೆ ಒಂದು ಸರಕಾರ ಗುಂಡು ಹಾರಿಸಿತು ಎಂಬುದೇ ಆ ಸಾವಿನ ಸತ್ಯ. ಅವನ ಕೈಗೆ ಕೋವಿ ಕೊಟ್ಟ ಕೂಡಲೇ ಗುಂಡು ಹಾರಿಸಿದವರಿಗೆ ಒಂದು ಸಮರ್ಥನೆಯನ್ನು ನಾವೇ ಒದಗಿಸಿದಂತಾಗುತ್ತದೆ. 1938ರ ಅಕ್ಟೋಬರಿನಲ್ಲಿ ಒಡಿಶಾದ ಢೇಂಕಾನಾಲಿನಲ್ಲಿ ಪೊಲೀಸರನ್ನು ಹೊಳೆ ದಾಟಿಸಲು ಒಪ್ಪದೆ ಗುಂಡೇಟು ತಿಂದ 12 ವರ್ಷದ ದೋಣಿಯ ಹುಡುಗ ಬಾಜಿ ರಾವುತನೂ ಸೈನಿಕನಾಗಿರಲಿಲ್ಲ. ಇವರನ್ನೂ ಕೋವಿ ಹಿಡಿದ ಮಕ್ಕಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಇಬ್ಬರಿಗೂ ಮಾಡುವ ಅನ್ಯಾಯ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ. 1992ರಲ್ಲಿ, ಆ ಚಳವಳಿಗೆ 50 ವರ್ಷ ತುಂಬಿದಾಗ, ಡೋಣಿಯ ದೃಶ್ಯವನ್ನು ಈ ಶಾಲೆಗೆ ಮೊದಲು ಬರೆದುಕೊಟ್ಟವನು ನಾನೇ. ನನ್ನ ಬರಹದಲ್ಲಿ ಹುಡುಗನ ಕೈಯಲ್ಲಿ ಧ್ವಜವಿತ್ತು. ಅಭ್ಯಾಸದ ವೇಳೆ ರಂಗ ಬರಿದಾಗಿ ಕಾಣುತ್ತದೆ, ಸಪ್ಪೆಯಾಯಿತು ಎಂದು ಇತರ ಅಧ್ಯಾಪಕರು ಹೇಳಿದರು, ನನಗೂ ಹೌದೆನಿಸಿತು. ಊರಿನ ಆಚಾರಿಯವರಿಂದ ಹಲಸಿನ ಹಲಗೆಯಲ್ಲಿ ಆರು ಕೋವಿಗಳನ್ನು ಮಾಡಿಸಿದೆ. ಐದು ಪೊಲೀಸರಿಗೆ, ಒಂದು ಡೋಣಿಗೆ. ಆ ವರ್ಷ ನಮಗೆ ಎರಡನೆಯ ಬಹುಮಾನ ಬಂತು. ಅದೇ ವರ್ಷದ ಪರೀಕ್ಷೆಯಲ್ಲಿ ಆ ಪಾತ್ರ ಮಾಡಿದ ಹುಡುಗ ‘ಡೋಣಿ ಸಾಯಲಿಕ್ಕೆಂದೇ ಹುಟ್ಟಿದವನು’ ಎಂದು ಉತ್ತರ ಬರೆದಿದ್ದ. ನಾನು ಪೂರ್ಣ ಅಂಕ ಕೊಟ್ಟೆ. ಆ ಉತ್ತರಪತ್ರಿಕೆ ಎಲ್ಲಿ ಹೋಯಿತೋ, ವಾಕ್ಯ ಮಾತ್ರ ನನ್ನ ಬಳಿ ಉಳಿದಿದೆ. ಈಗಿನ ನಿಮ್ಮ ದೃಶ್ಯದ ಬಹುಪಾಲು ಮಾತುಗಳು ನನ್ನ ಅದೇ ಬರಹದಿಂದ ಬಂದವು ಎಂಬುದನ್ನು ಗುರುತಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಇನ್ನು ಬಾರಾ. ಜೋಸೆಫ್ ಬಾರಾ 1793ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಪಶ್ಚಿಮದ ವಾಂದೆ ಪ್ರಾಂತದಲ್ಲಿ ಗಣರಾಜ್ಯದ ಸೈನ್ಯಕ್ಕೂ ರಾಜನ ಪರವಾಗಿ ಎದ್ದ ರೈತರಿಗೂ ನಡೆಯುತ್ತಿದ್ದ ಅಂತರ್ಯುದ್ಧದಲ್ಲಿ ಸತ್ತಾಗ ಅವನಿಗೆ 14 ವರ್ಷ. ಅವನ ಸೇನಾಧಿಕಾರಿ ಪ್ಯಾರಿಸಿಗೆ ಬರೆದ ಪತ್ರದಲ್ಲಿದ್ದದ್ದು ಇಷ್ಟೇ: ಹುಡುಗ ಎರಡು ಕುದುರೆಗಳನ್ನು ನಡೆಸಿಕೊಂಡು ಹೋಗುತ್ತಿದ್ದ, ಶತ್ರುಗಳು ಸುತ್ತುವರಿದರು, ಕುದುರೆಗಳನ್ನು ಒಪ್ಪಿಸುವುದಕ್ಕಿಂತ ಸಾಯುವುದನ್ನೇ ಅವನು ಆರಿಸಿಕೊಂಡ. ಮೂರು ವಾರ ಕಳೆದು, ಡಿಸೆಂಬರ್ 28ರಂದು, ಕ್ರಾಂತಿಯ ಮುಖಂಡ ರೊಬೆಸ್ಪಿಯರ್ ಶಾಸನಸಭೆಯಲ್ಲಿ ಅದೇ ಸಾವನ್ನು ವರ್ಣಿಸಿದಾಗ ಕುದುರೆಗಳು ಮಾಯವಾಗಿದ್ದವು. ‘ರಾಜನಿಗೆ ಜಯವಾಗಲಿ’ ಎನ್ನು ಎಂದು ಶತ್ರುಗಳು ಬೆದರಿಸಿದರೆಂದೂ ಹುಡುಗ ‘ಗಣರಾಜ್ಯಕ್ಕೆ ಜಯವಾಗಲಿ’ ಎನ್ನುತ್ತ ಪ್ರಾಣಬಿಟ್ಟನೆಂದೂ ಕಥೆ ಹೊಸದಾಗಿ ಹುಟ್ಟಿತ್ತು. ನಿಮ್ಮ ರೂಪಕದಲ್ಲಿ ಎಂಟನೆಯ ತರಗತಿಯ ಹುಡುಗ ಕೊರಳುಬ್ಬಿಸಿ ಕೂಗಿದ್ದು ಈ ಹುಟ್ಟಿಸಿದ ಮಾತನ್ನೇ.

ಆ ದಿನ ಪ್ಯಾರಿಸಿನ ಸಭೆ ಮಾಡಿದ ಇನ್ನೊಂದು ನಿರ್ಣಯ ಶಾಲೆ ನಡೆಸುವ ನಿಮಗೆ ಹೆಚ್ಚು ಸಂಬಂಧಪಟ್ಟದ್ದು. ಬಾರಾನ ಸಾವಿನ ಚಿತ್ರವನ್ನು ಅಚ್ಚು ಹಾಕಿಸಿ ಗಣರಾಜ್ಯದ ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲೂ ಇಡಬೇಕೆಂದು ಸಭೆ ತೀರ್ಮಾನಿಸಿತು. ಯುದ್ಧ ಇನ್ನೂ ನಡೆಯುತ್ತಿತ್ತು, ಸೈನ್ಯಕ್ಕೆ ಜನ ಬೇಕಿತ್ತು. ಶಾಲೆಯ ಗೋಡೆಯ ಮೇಲೆ ಸತ್ತ ಹುಡುಗನ ಚಿತ್ರ ಯಾಕೆ ಬೇಕಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರ ಬರೆಯಲು ನೇಮಕವಾದವರು ಆ ಕಾಲದ ಮಹಾ ಕಲಾವಿದ ಜಾಕ್ ಲೂಯಿ ದಾವಿದ್. ಅವರ ಚಿತ್ರದಲ್ಲಿ ಹುಡುಗನ ಮೈಮೇಲೆ ಬಟ್ಟೆಯಿಲ್ಲ, ಬಳಿಯಲ್ಲಿ ಕುದುರೆಯಿಲ್ಲ. ಕ್ರಾಂತಿಯ ಮೂರು ಬಣ್ಣದ ಪುಟ್ಟ ಗುರುತೊಂದನ್ನು ಎದೆಗೊತ್ತಿಕೊಂಡು, ನಿದ್ದೆ ಹೋದವನಂತೆ ನೆಲದ ಮೇಲೆ ಒರಗಿದ್ದಾನೆ. ಬಾರಾ ಮತ್ತು ಅವನಂತೆಯೇ ಸತ್ತ ವಿಯಾಲಾ ಎಂಬ ಇನ್ನೊಬ್ಬ ಹುಡುಗನ ಗೌರವಾರ್ಥ ಪ್ಯಾರಿಸಿನಲ್ಲಿ ದೊಡ್ಡ ಉತ್ಸವವನ್ನು 1794ರ ಜುಲೈ 28ಕ್ಕೆ ಗೊತ್ತುಮಾಡಿದ್ದರು. ಹಿಂದಿನ ದಿನವೇ ರೊಬೆಸ್ಪಿಯರ್ ಪದಚ್ಯುತನಾದ. ಉತ್ಸವ ನಡೆಯಬೇಕಿದ್ದ ದಿನ ಅವನ ತಲೆ ಉರುಳಿತು. ಉತ್ಸವ ನಡೆಯಲೇ ಇಲ್ಲ. ದಾವಿದರ ಚಿತ್ರ ಅಪೂರ್ಣವಾಗಿಯೇ ಉಳಿದು ಇಂದಿಗೂ ಆವಿನ್ಯೋನಿನ ವಸ್ತುಸಂಗ್ರಹಾಲಯದಲ್ಲಿದೆ. ಕುದುರೆಗಳನ್ನು ಯಾರೂ ಬರೆಯಲಿಲ್ಲ. ನನಗೆ ಮಾತ್ರ ಆ ಕುದುರೆಗಳೇ ಮುಖ್ಯವೆನಿಸುತ್ತವೆ, ಏಕೆಂದರೆ ಶತ್ರುಗಳು ತಿರುಗಾಡುವ ದಾರಿಯಲ್ಲಿ ಎರಡು ಕುದುರೆಗಳನ್ನು 14ರ ಹುಡುಗನ ಕೈಗೆ ಕೊಟ್ಟು ನಡೆಸಿದ ದೊಡ್ಡವರೊಬ್ಬರು ಎಲ್ಲೋ ಇದ್ದೇ ಇದ್ದರು. ಕುದುರೆ ಮಾಯವಾದಾಗ ಅವರೂ ಮಾಯವಾದರು.

ನನ್ನ ದೂರಿನ ಮೂಲ ಇದು. ನಿಮ್ಮ ಐದೂ ದೃಶ್ಯಗಳಲ್ಲಿ ಸಾಯುವ ಮಕ್ಕಳಿದ್ದಾರೆ, ಕೊಲ್ಲುವ ಶತ್ರುಗಳಿದ್ದಾರೆ. ಆ ಮಕ್ಕಳನ್ನು ಕರೆತಂದ, ಕಳಿಸಿಕೊಟ್ಟ, ಅಥವಾ ತಾವಾಗಿ ಬಂದವರನ್ನು ಹಿಂದೆ ಕಳಿಸದೆ ಉಳಿಸಿಕೊಂಡ ನಮ್ಮ ಕಡೆಯ ದೊಡ್ಡವರು ಒಬ್ಬರೂ ಇಲ್ಲ.

ಚಿತ್ತಗಾಂಗಿನ ದೃಶ್ಯದಲ್ಲಿ ಈ ಕೊರತೆ ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಅಲ್ಲಿ ಕಾಣೆಯಾದವರು ನನ್ನ ವೃತ್ತಿಯವರು. 1930ರ ಏಪ್ರಿಲ್ 18ರ ರಾತ್ರಿ ಚಿತ್ತಗಾಂಗಿನ ಶಸ್ತ್ರಾಗಾರದ ಮೇಲೆ ನಡೆದ ದಾಳಿಯ ನಾಯಕ ಸೂರ್ಯ ಸೇನ್ ಶಾಲಾ ಅಧ್ಯಾಪಕರು. ಹುಡುಗರು ಅವರನ್ನು ಕರೆಯುತ್ತಿದ್ದದ್ದೇ ‘ಮಾಸ್ಟರ್‌ದಾ’ ಎಂದು. ನಮ್ಮಲ್ಲಿ ಹೇಳುವಂತೆ ಹೇಳಿದರೆ ಮಾಸ್ಟ್ರಣ್ಣ. ಅವರ ಜೊತೆಗಿದ್ದವರಲ್ಲಿ ಬಹಳಷ್ಟು ಮಂದಿ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು. ನಾಲ್ಕು ದಿನಗಳ ಬಳಿಕ, ಏಪ್ರಿಲ್ 22ರಂದು, ಜಲಾಲಾಬಾದ್ ಗುಡ್ಡದ ಮೇಲೆ ಸೈನ್ಯ ಅವರನ್ನು ಸುತ್ತುವರಿಯಿತು. ಅಂದು ಗುಡ್ಡದ ಮೇಲೆ ಕಾಳಗದ ಹೊಣೆ ಹೊತ್ತವರು ಲೋಕನಾಥ ಬಲ್. ಅಲ್ಲಿ ಮಡಿದ 12 ಮಂದಿಯಲ್ಲಿ ಅವರ ಸ್ವಂತ ತಮ್ಮ, ಎಲ್ಲರೂ ಟೇಗ್ರಾ ಎಂದು ಕರೆಯುತ್ತಿದ್ದ ಹದಿಹರೆಯದ ಹರಿಗೋಪಾಲನೂ ಒಬ್ಬ. ತಮ್ಮ ನೆಲಕ್ಕೊರಗಿದ ಮೇಲೂ ಅಣ್ಣ ಕಾಳಗ ನಡೆಸಬೇಕಾಗಿತ್ತು. ನಿಮ್ಮ ದೃಶ್ಯದಲ್ಲಿ ಟೇಗ್ರಾ ಇದ್ದ, ಲೋಕನಾಥ ಇರಲಿಲ್ಲ, ಮಾಸ್ಟ್ರೂ ಇರಲಿಲ್ಲ. ಸೂರ್ಯ ಸೇನರನ್ನು ನಾನು ಖಳನೆಂದು ಹೇಳುತ್ತಿಲ್ಲ. 1934ರ ಜನವರಿಯಲ್ಲಿ ಗಲ್ಲಿಗೇರಿದ ಆ ಮನುಷ್ಯ ತಾನು ಬಿಟ್ಟು ಉಳಿದವರನ್ನು ಮುಂದೆ ನೂಕಿದವರಲ್ಲ. ಆದರೆ ತರಗತಿಯಲ್ಲಿ ತನ್ನ ಮಾತನ್ನು ಬಾಯಿಬಿಟ್ಟು ಕೇಳುವ ಹುಡುಗನ ಕೈಗೆ ಅಧ್ಯಾಪಕನೊಬ್ಬ ಪಿಸ್ತೂಲು ಕೊಡುವಾಗ ಏನು ಯೋಚಿಸಿರಬಹುದು? ನಾಟಕ ಬರೆಯಬೇಕಾದ್ದು ಆ ಗಳಿಗೆಯ ಮೇಲೆ.

ಇನ್ನೂ ಒಂದು ಮಾತಿದೆ. ಅದೇ ಗುಂಪಿನಲ್ಲಿದ್ದ ಸುಬೋಧ್ ರಾಯ್ ಆಗ 14ರ ಹುಡುಗ. ಸಿಕ್ಕಿಬಿದ್ದು, ಶಿಕ್ಷೆಗೊಳಗಾಗಿ, ಅಂಡಮಾನಿನ ಸೆಲ್ಯುಲರ್ ಜೈಲನ್ನೂ ಕಂಡು ಹೊರಬಂದ ಅವರು 2006ರವರೆಗೆ ಬದುಕಿದ್ದರು. 1931ರ ಡಿಸೆಂಬರ್ 14ರಂದು ಬಂಗಾಳದ ಕೊಮಿಲ್ಲಾದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಸ್ಟೀವನ್ಸ್‌ನನ್ನು ಗುಂಡಿಟ್ಟು ಕೊಂದ ಸುನೀತಿ ಚೌಧುರಿಗೆ 14, ಶಾಂತಿ ಘೋಷ್‌ಗೆ 15. ಈಜು ಸ್ಪರ್ಧೆಗೆ ಅನುಮತಿ ಕೇಳುವ ನೆಪದಲ್ಲಿ ಮನವಿಪತ್ರ ಹಿಡಿದು ಒಳಗೆ ಹೋಗಿದ್ದ ಆ ಇಬ್ಬರೂ 1939ರಲ್ಲಿ ಬಿಡುಗಡೆಯಾದರು. ಸುನೀತಿ ಓದು ಮುಂದುವರಿಸಿ ವೈದ್ಯೆಯಾದರು. ಬದುಕಿ ಬಂದವರು ಮಾಡಿದ್ದೂ ಕಂಡದ್ದೂ ಸತ್ತವರಿಗಿಂತ ಕಡಿಮೆಯೇನಲ್ಲ. ಆದರೂ ವೇದಿಕೆಯ ಮೇಲೆ ಬದುಕಿ ಬಂದ ಒಂದು ಮಗುವನ್ನೂ ನಾನು ಈವರೆಗೆ ನೋಡಿಲ್ಲ.

ಕಯ್ಯೂರಿನ ವಿಷಯವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ; 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಮಡತಿಲ್ ಅಪ್ಪು, ಕುಞಂಬು ನಾಯರ್, ಚಿರುಕಂಡನ್, ಅಬೂಬಕ್ಕರ್ ಎಂಬ ನಾಲ್ವರನ್ನು ಗಲ್ಲಿಗೇರಿಸಲಾಯಿತು. ರೂಪಕದಲ್ಲಿ ನಾಲ್ವರ ಕೊರಳಿಗೂ ಹಗ್ಗ ಬಿದ್ದದ್ದನ್ನು ಕಂಡೆವು. ಐದನೆಯವರೊಬ್ಬರಿದ್ದರು ಎಂಬುದನ್ನು ಬಿಟ್ಟುಬಿಟ್ಟಿರಿ. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಪ್ರಾಯಕ್ಕೆ ಬಂದವರಲ್ಲ ಎಂಬ ಕಾರಣಕ್ಕೆ ಅವರ ಕೊರಳು ಉಳಿಯಿತು. ಕೊಮಿಲ್ಲಾದ ಆ ಹುಡುಗಿಯರನ್ನು ಗಲ್ಲಿಗೇರಿಸದೆ ಜೈಲಿಗೆ ಕಳಿಸಿದ್ದೂ ಪ್ರಾಯ ನೋಡಿಯೇ. ನಮ್ಮ ರೈತರನ್ನು ಕೊಂದ, ಯಾವ ದಯೆಗೂ ಹೆಸರಾಗದ ಆ ಪರದೇಶದ ಆಳ್ವಿಕೆಯ ನ್ಯಾಯಾಲಯ ಕೂಡ ಒಂದು ಗಳಿಗೆ ನಿಂತು ‘ಇವನಿಗೆ ವಯಸ್ಸೆಷ್ಟು?’ ಎಂದು ಕೇಳಿತ್ತು. ನಮ್ಮ ರೂಪಕದ ಮುಕ್ಕಾಲು ಗಂಟೆಯಲ್ಲಿ ಆ ಪ್ರಶ್ನೆ ಒಂದು ಸಲವೂ ಬರಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಏಕೆಂದರೆ 1992ರ ನನ್ನ ಬರಹದಲ್ಲೂ ಅದು ಇರಲಿಲ್ಲ.

ಮಕ್ಕಳಿಗೆ ಇಷ್ಟೆಲ್ಲ ಹೇಳಿದರೆ ನಾಟಕದ ಕಸುವು ಹೋಗುತ್ತದೆ ಎಂದು ನೀವು ಹೇಳಬಹುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಾದ ನಾವು ಹಾಗೆ ಹೇಳಬಾರದು. ನಮ್ಮ ಬಯಲಾಟದಲ್ಲಿ ಅಭಿಮನ್ಯುವಿನ ಪ್ರಸಂಗವನ್ನು ನೋಡದೆ ಬೆಳೆದವರು ಈ ಭಾಗದಲ್ಲಿ ಎಷ್ಟು ಮಂದಿ ಇದ್ದಾರೆ? ಪುಂಡುವೇಷದ ಹುಡುಗ ಧೀಂಗಣ ಹಾಕುತ್ತ ರಂಗ ತುಂಬುವಾಗ ಮೈ ನವಿರೇಳುವುದು ನಿಜ. ಆದರೆ ಅವನು ಚಕ್ರವ್ಯೂಹಕ್ಕೆ ಹೋಗುವ ಮೊದಲು ಧರ್ಮರಾಯ ರಂಗದ ಮೇಲಿರುತ್ತಾನೆ. ಒಳಗೆ ಹೋಗಲು ಗೊತ್ತು, ಹೊರಬರಲು ಗೊತ್ತಿಲ್ಲ ಎಂದು ಹುಡುಗ ತಾನಾಗಿಯೇ ಹೇಳುತ್ತಾನೆ. ನಿನ್ನ ಬೆನ್ನಿಗೇ ನಾವು ಬರುತ್ತೇವೆ ಎಂದು ದೊಡ್ಡವರು ಭರವಸೆ ಕೊಟ್ಟು ಕಳಿಸುತ್ತಾರೆ. ಸೈಂಧವ ತಡೆದ ಕಾರಣ ಹೋಗಲಾಗುವುದಿಲ್ಲ. ಸಂಜೆ ಅರ್ಜುನ ಮರಳಿ ಬಂದು ‘ಮಗ ಎಲ್ಲಿ?’ ಎಂದು ಕೇಳುವಾಗ ಅಣ್ಣ ತಲೆ ಎತ್ತಲಾರ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಗಳು ಕುಳಿತರೆ, ಹದಿನಾರರ ಹುಡುಗನನ್ನು ಕಳಿಸಿದ್ದು ಧರ್ಮವೇ ಎಂಬ ಒಂದೇ ಪ್ರಶ್ನೆಯ ಮೇಲೆ ಒಂದು ಗಂಟೆ ವಾದ ನಡೆಯುತ್ತದೆ. ಅಕ್ಷರ ಬಾರದ ಅಜ್ಜಂದಿರೂ ಆ ವಾದವನ್ನು ನಿದ್ದೆಗೆಟ್ಟು ಕೇಳಿ ಅರಗಿಸಿಕೊಂಡಿದ್ದಾರೆ. ಹಾಗಿರುವಾಗ ಒಂಬತ್ತನೆಯ ತರಗತಿಯ ಮಕ್ಕಳಿಗೆ ಅದು ಭಾರವಾಗುತ್ತದೆಂದು ನಾವು ಯಾಕೆ ತಿಳಿಯಬೇಕು?

ಮಕ್ಕಳನ್ನು ಬಳಸಿಕೊಂಡ ಮೇಲೆ ಕ್ರಾಂತಿಗಳು ಅವರನ್ನು ಏನು ಮಾಡಿದವು ಎಂಬುದಕ್ಕೆ ದೂರದ ಫ್ರಾನ್ಸು ಬೇಕಾಗಿಲ್ಲ, ನೆರೆಯ ನೇಪಾಳವೇ ಸಾಕು. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳು ನಡೆಸಿದ ಯುದ್ಧ ಮುಗಿದು, ಅವರ ಸೈನ್ಯವನ್ನು ಶಿಬಿರಗಳಲ್ಲಿರಿಸಿ ವಿಶ್ವಸಂಸ್ಥೆಯವರು ಒಬ್ಬೊಬ್ಬರನ್ನೇ ವಿಚಾರಿಸಿದಾಗ, 2,973 ಮಂದಿ ಒಪ್ಪಂದದ ಗಡುವಿನ ಹೊತ್ತಿಗೆ 18 ತುಂಬದವರೆಂದು ಗೊತ್ತಾಯಿತು. ತಡವಾಗಿ ಸೇರಿದವರೂ ಸೇರಿ ಒಟ್ಟು 4,008 ಮಂದಿಯನ್ನು 2010ರ ಆರಂಭದಲ್ಲಿ ಶಿಬಿರಗಳಿಂದ ಹೊರಗೆ ಕಳಿಸಿದರು. ಸೈನ್ಯದಲ್ಲಿ ಮುಂದುವರಿಯಲು ಅರ್ಹತೆ ಪಡೆಯದವರು ಎಂಬರ್ಥದಲ್ಲಿ ಇವರಿಗೆ ನೇಪಾಳಿಯಲ್ಲಿ ಅಂಟಿದ ಹೆಸರು ‘ಅಯೋಗ್ಯ’. ನಾವು ಯಾವ ಸಂದರ್ಭದಲ್ಲಿ ಈ ಪದ ಬಳಸುತ್ತೇವೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅಲ್ಲಿಯೂ ಅದು ಚುಚ್ಚುವ ಪದವೇ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಶಾಲೆ ಬಿಟ್ಟು ಕೋವಿ ಹೊತ್ತವರು, ಪ್ರಾಯಕ್ಕೆ ಬಂದ ಮೇಲೆ, ಪ್ರಾಯವಾಗಿರಲಿಲ್ಲ ಎಂಬ ಕಾರಣಕ್ಕೇ ಆ ಹಣೆಪಟ್ಟಿ ಹೊತ್ತು ಮನೆಗೆ ನಡೆದರು. ಅವರನ್ನು ಕರೆದೊಯ್ದ ನಾಯಕರು ಆ ಹೊತ್ತಿಗೆ ಪ್ರಧಾನಿಯಾಗಿ, ಮಂತ್ರಿಗಳಾಗಿ ಅಧಿಕಾರ ಕಂಡಾಗಿತ್ತು.

ಮಕ್ಕಳು ಸಾಯುವವರಾಗಿ ಮಾತ್ರವಲ್ಲ, ಕೊಲ್ಲುವವರಾಗಿಯೂ ಕ್ರಾಂತಿಗಳಲ್ಲಿ ಇದ್ದಾರೆ. 1966ರ ಆಗಸ್ಟ್ 5ರಂದು ಬೀಜಿಂಗಿನ ಒಂದು ಬಾಲಿಕಾ ಶಾಲೆಯಲ್ಲಿ ಉಪಮುಖ್ಯೋಪಾಧ್ಯಾಯಿನಿ ಬಿಯೆನ್ ಝೊಂಗ್‌ಯುನ್ ಅವರನ್ನು ಹೊಡೆದು ಕೊಂದವರು ಅವರದೇ ವಿದ್ಯಾರ್ಥಿನಿಯರು, ಹದಿಹರೆಯದ ಹೆಣ್ಣುಮಕ್ಕಳು. ಸಾಂಸ್ಕೃತಿಕ ಕ್ರಾಂತಿಯ ಕೆಂಪು ಕಾವಲುಪಡೆ ಎಂಬ ವಿದ್ಯಾರ್ಥಿಗಳ ಪಡೆ ಆಗತಾನೇ ಎದ್ದಿತ್ತು. ಎರಡು ವಾರ ಕಳೆಯುವ ಮುನ್ನ ಮಾವೋ ತಿಯಾನನ್ಮೆನ್ ಮಹಾದ್ವಾರದ ಮೇಲೆ ನಿಂತು, ಅದೇ ಶಾಲೆಯ ವಿದ್ಯಾರ್ಥಿನಿಯೊಬ್ಬಳಿಂದ ಕೆಂಪು ತೋಳ್ಪಟ್ಟಿ ಕಟ್ಟಿಸಿಕೊಂಡು ಲಕ್ಷಾಂತರ ಹುಡುಗ ಹುಡುಗಿಯರಿಗೆ ಕೈಬೀಸಿದರು. ಎರಡು ವರ್ಷಗಳಲ್ಲಿ ಆ ಮಕ್ಕಳ ಉಪಯೋಗ ಮುಗಿಯಿತು. 1968ರ ಕೊನೆಯಿಂದ ಮುಂದಿನ ವರ್ಷಗಳಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಯುವಕ ಯುವತಿಯರನ್ನು ಹಳ್ಳಿಗಳ ದುಡಿಮೆಗೆ ಕಳಿಸಲಾಯಿತು. ತೋಳ್ಪಟ್ಟಿ ಕಟ್ಟಿದ್ದ ಆ ವಿದ್ಯಾರ್ಥಿನಿ 2014ರಲ್ಲಿ, ಮುದುಕಿಯಾದ ಮೇಲೆ, ಹಳೆಯ ಶಾಲೆಗೆ ಬಂದು ಅಧ್ಯಾಪಕರ ಮುಂದೆ ತಲೆಬಾಗಿ ಕ್ಷಮೆ ಕೇಳಿದರು. ಸತ್ತ ಅಧ್ಯಾಪಿಕೆಯ ಪತಿ ಆ ಕ್ಷಮೆಯನ್ನು ಒಪ್ಪಲಿಲ್ಲ. ಇರಾನಿನಲ್ಲಿ 1980ರಲ್ಲಿ, ಇರಾಕಿನೊಡನೆಯ ಯುದ್ಧದಲ್ಲಿ, ಶತ್ರುಗಳ ಟ್ಯಾಂಕಿನಡಿಗೆ ಸಿಡಿಗುಂಡಿನೊಡನೆ ನುಗ್ಗಿ ಸತ್ತ 13ರ ಹುಸೇನ್ ಫಹ್ಮೀದೆಯನ್ನು ಆ ದೇಶದ ಸರ್ವೋಚ್ಚ ನಾಯಕರು ನಮ್ಮ ನಾಯಕನೇ ಆ ಹುಡುಗ ಎಂದು ಹೊಗಳಿದರು; ಯುದ್ಧ 1988ರವರೆಗೆ ಮುಂದುವರಿಯಿತು, ಸ್ವಯಂಸೇವಕ ಪಡೆಗೆ ಹುಡುಗರು ಬರುತ್ತಲೇ ಇದ್ದರು. ಬಾರಾನ ಚಿತ್ರವನ್ನು ಶಾಲೆಗಳಿಗೆ ಹಂಚಲು ಹೊರಟವರ ಲೆಕ್ಕಾಚಾರವೇ ಇಲ್ಲಿಯೂ ಕೆಲಸ ಮಾಡಿದೆ.

ಎಲ್ಲ ಕಡೆಯೂ ಯಾರೋ ಕರೆದರು, ಹುಡುಗರು ಹೋದರು ಎಂದು ನಾನು ಹೇಳಿದರೆ ಅದೂ ಸುಳ್ಳಾಗುತ್ತದೆ. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಬಂದಾಗ ಬೀದಿಗಿಳಿದ ಹುಡುಗರಲ್ಲಿ ಅನೇಕರು ತಾವಾಗಿ ಬಂದವರು. ಬಂಡಾಯಗಾರರ ನಡುವೆ ಸುದ್ದಿ ಸಾಗಿಸುತ್ತಿದ್ದ ಪೀಟರ್ ಮಾನ್ಸ್‌ಫೆಲ್ಡ್‌ಗೆ ಆಗ 15. ಅವನನ್ನು 1959ರ ಮಾರ್ಚ್ 21ರಂದು ಗಲ್ಲಿಗೇರಿಸಿದಾಗ 18 ತುಂಬಿ 11 ದಿನಗಳಾಗಿದ್ದವು. ಮನೆಯ ಬಾಗಿಲಿಗೇ ಸೈನ್ಯ ಬಂದಲ್ಲಿ, ಮನೆಯೊಳಗೆ ಕುಳಿತ ಮಗುವೂ ಸುರಕ್ಷಿತವಲ್ಲ ಎಂಬುದನ್ನು ಒಪ್ಪುತ್ತೇನೆ. ಕಯ್ಯೂರಿನ ಗೇಣಿದಾರರ ಹಸಿವೂ ಪೊಲೀಸರ ಹೊಡೆತವೂ ದೊಡ್ಡವರಿಗೆ ಬೇರೆ, ಚಿಕ್ಕವರಿಗೆ ಬೇರೆ ಎಂದು ಹಂಚಿಕೊಂಡು ಬಂದದ್ದಲ್ಲ. ಕ್ರಾಂತಿಗಳ ಕಥೆಯನ್ನು ಮಕ್ಕಳಿಂದ ದೂರವಿಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳಲು ಆರಂಭಿಸಿದವರು ನಾಳೆ ಕಯ್ಯೂರಿನ ಹೆಸರನ್ನೇ ತೆಗೆಯಿರಿ ಎನ್ನುತ್ತಾರೆಂಬ ಭಯ ನನಗೂ ಇದೆ. ಆದರೆ ತಾನಾಗಿ ಬಂದ ಹುಡುಗನ ಎದುರೂ ಒಬ್ಬ ದೊಡ್ಡವನಿದ್ದ, ಹಿಂದೆ ಕಳಿಸುವುದೋ ಬೇಡವೋ ಎಂದು ಅವನು ಒಂದು ತೀರ್ಮಾನ ಮಾಡಿದ್ದ.

ಇಂದು ಆ ತೀರ್ಮಾನದ ಬಗ್ಗೆ ಕಾನೂನಿದೆ. ಯುದ್ಧದಲ್ಲಿ ಮಕ್ಕಳನ್ನು ತೊಡಗಿಸುವುದರ ಕುರಿತು 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದವನ್ನು ಭಾರತ 2005ರಲ್ಲಿ ಸ್ಥಿರೀಕರಿಸಿತು. ಸಶಸ್ತ್ರ ಗುಂಪುಗಳು 18 ತುಂಬದವರನ್ನು ಯಾವ ಕಾರಣಕ್ಕೂ ಸೇರಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಅದು. 15 ತುಂಬದ ಮಕ್ಕಳನ್ನು ಸೈನ್ಯಕ್ಕೆ ಸೇರಿಸಿ ಕಾಳಗಕ್ಕೆ ಬಳಸಿದ ಯುದ್ಧಾಪರಾಧಕ್ಕಾಗಿ ಕಾಂಗೋದ ಥಾಮಸ್ ಲುಬಾಂಗಾನಿಗೆ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ 2012ರಲ್ಲಿ 14 ವರ್ಷಗಳ ಸೆರೆ ವಿಧಿಸಿತು. ನಮ್ಮ 2015ರ ಬಾಲನ್ಯಾಯ ಕಾಯಿದೆಯ 83ನೆಯ ಕಲಮಿನ ಪ್ರಕಾರ ಮಕ್ಕಳನ್ನು ಸೇರಿಸಿಕೊಳ್ಳುವ ಉಗ್ರಗಾಮಿ ಗುಂಪಿನವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆಯೂ ಐದು ಲಕ್ಷ ರೂಪಾಯಿ ದಂಡವೂ ಉಂಟು. ಇದನ್ನು ಪಾಠ ಮಾಡಬೇಕಾದ ಸಮಾಜವಿಜ್ಞಾನದ ಅಧ್ಯಾಪಕರೇ ಶನಿವಾರ ಸಂಜೆ ಕೋವಿ ಹಿಡಿಯುವ ಬಗೆಯನ್ನು ತಿದ್ದುತ್ತಿದ್ದರು. ಹಿಂದೆ ನಾನೂ ತಿದ್ದಿದ್ದೇನೆ.

ಇದೇ ರೂಪಕವನ್ನು ಉಪಜಿಲ್ಲಾ ಮಟ್ಟಕ್ಕೆ ಒಯ್ಯುವಿರೆಂದು ತಿಳಿದುಬಂದ ಕಾರಣ, ಅದಕ್ಕೆ ಮೊದಲು ಕೆಲವನ್ನು ಕೇಳಿಕೊಳ್ಳುತ್ತೇನೆ. ಡೋಣಿಯ ಕೈಯಿಂದ ಕೋವಿ ತೆಗೆದು ಬರಿಗೈಯಲ್ಲಿ ನಿಲ್ಲಿಸಿರಿ. ರಂಗ ಬರಿದಾಗಿ ಕಂಡರೆ ಕಾಣಲಿ. ಬಾರಾನ ದೃಶ್ಯಕ್ಕೆ ಆ ಎರಡು ಕುದುರೆಗಳನ್ನೂ, ಪತ್ರ ಬರೆದ ಅಧಿಕಾರಿಯನ್ನೂ ತನ್ನಿ. ಕುದುರೆ ಮಾಡಲು ನಮ್ಮಲ್ಲಿ ಅಡಿಕೆ ಹಾಳೆಗೆ ಬರವಿಲ್ಲ. ಅಧಿಕಾರಿ ಬರೆದದ್ದನ್ನೂ ಸಭೆಯಲ್ಲಿ ರೊಬೆಸ್ಪಿಯರ್ ಹೇಳಿದ್ದನ್ನೂ ಇಬ್ಬರು ಮಕ್ಕಳು ಅಕ್ಕಪಕ್ಕ ನಿಂತು ಓದಿದರೆ ಸಾಕು, ಬೇರೆ ವಿವರಣೆ ಬೇಡ. ಜಲಾಲಾಬಾದಿನ ಗುಡ್ಡದ ಮೇಲೆ ಅಣ್ಣನನ್ನು ತನ್ನಿ. ಮಾಸ್ಟರ್‌ದಾ ಪಾತ್ರವನ್ನು ಮಕ್ಕಳಲ್ಲಿ ಒಬ್ಬನಿಗೆ ಕೊಡದೆ ಅಧ್ಯಾಪಕರೊಬ್ಬರು ತಾವೇ ಮಾಡಿದರೆ ಒಳ್ಳೆಯದು. ಕಯ್ಯೂರಿನ ಐದನೆಯವರನ್ನು ಬಿಡಬೇಡಿ. ಪ್ರತಿ ಮಗುವಿನ ವಯಸ್ಸನ್ನು ಹೆಸರಿನೊಂದಿಗೇ ಹೇಳಿಸಿರಿ. ಕೊನೆಯ ಸ್ತಬ್ಧಚಿತ್ರವನ್ನೂ ‘ನಾಳೆಯ ಹುತಾತ್ಮರು’ ಎಂಬ ಘೋಷಣೆಯನ್ನೂ ಪೂರ್ತಿ ಕೈಬಿಡಿ. ಅಲ್ಲಿ ಶಿಬಿರದಿಂದ ಹೊರಬಂದ ನೇಪಾಳದ ಹುಡುಗಿಯೊಬ್ಬಳು ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯಲಿ. ಯಾರು ‘ಒನ್ಸ್ ಮೋರ್’ ಎಂದರೂ ಯಾವ ಮಗುವನ್ನೂ ಎರಡನೆಯ ಸಲ ಬೀಳಿಸಬೇಡಿ. ಇಷ್ಟೆಲ್ಲ ಸೇರಿಸಿದರೆ ನಿಗದಿತ ಸಮಯ ಮೀರುತ್ತದೆ, ತೀರ್ಪುಗಾರರು ಅಂಕ ಕಡಿಯುತ್ತಾರೆ ಎಂದಾದರೆ ದೃಶ್ಯಗಳನ್ನು ಐದರಿಂದ ಎರಡಕ್ಕೆ ಇಳಿಸಿರಿ.

ಹೊಸ ಬರಹಕ್ಕೆ ನನ್ನ ನೆರವು ಬೇಕಾದರೆ ಮುಂದಿನ ಶನಿವಾರ ಬೆಳಿಗ್ಗೆ ಶಾಲೆಗೆ ಬರಲು ಸಿದ್ಧನಿದ್ದೇನೆ, ಬೇಡವೆಂದರೆ ಬೇಸರವಿಲ್ಲ. ಬೇರೊಂದು ಸಣ್ಣ ವಿನಂತಿಯಿದೆ. ರೂಪಕದಲ್ಲಿ ಬಳಸಿದ ಕೋವಿಗಳಲ್ಲಿ ಹೆಚ್ಚಿನವು ರಟ್ಟಿನವು. ಐದನೆಯ ತರಗತಿಯ ಆ ಹುಡುಗನ ಕೈಯಲ್ಲಿದ್ದದ್ದು ಮಾತ್ರ ಹಲಸಿನ ಮರದ್ದು, ಹಿಡಿಯ ಕೆಳಗೆ ನನ್ನ ಅಕ್ಷರದಲ್ಲಿ 1992 ಎಂದು ಕೊರೆದದ್ದು. ಉಳಿದ ಐದು ಏನಾದವೋ ತಿಳಿಯದು. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಅದು ದಾಖಲಾಗಿದ್ದರೆ ಅದರ ಬೆಲೆಯನ್ನು ಕಟ್ಟಿ ರಶೀದಿ ಪಡೆಯುತ್ತೇನೆ. ದಯವಿಟ್ಟು ಅದನ್ನು ನನಗೆ ಹಿಂತಿರುಗಿಸಿರಿ.

ಇತಿ ನಿಮ್ಮ ವಿಶ್ವಾಸಿ,
ಈ ಶಾಲೆಯ ನಿವೃತ್ತ ಸಮಾಜವಿಜ್ಞಾನ ಅಧ್ಯಾಪಕ
ಕಾಸರಗೋಡು ಜಿಲ್ಲೆ